ಲೇಡೀಸ್ ಡಬ್ಬಿಯ ಆಕಾಶ

ಟೀಚರ ಎಡ ಹೆಗಲ ಮೇಲೆ ಯಾವಾಗಲೂ ಎರಡು ಸೇಫ್ಟಿ ಪಿನ್ನುಗಳಿರುತ್ತಿದ್ದವು. ಒಂದು ಸೆರಗನ್ನು ಹಿಡಿದಿರುತ್ತಿತ್ತು, ಇನ್ನೊಂದಕ್ಕೆ ಕೆಲಸವಿರುತ್ತಿರಲಿಲ್ಲ. ಅದು ಏತಕ್ಕೆಂದು ನನಗೆ ತಿಳಿದದ್ದು ಲೋಕಲ್ ಟ್ರೇನಿನಲ್ಲಿ ನರ್ಸ್‌ಬಾಯಿಯ ಯೂನಿಫಾರ್ಮ್ ಒದ್ದೆಯಾದ ದಿನ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಮರಾಠಿ ಸೀಮೆಯ ಡೊಂಬಿವಲಿಗೆ ಬಂದೆ, ಠಾಣೆ ಊರಿನ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದೆ. ಟೀಚರು ಉಡುಪಿಯ ಕಡೆಯವರು, ಠಾಣೆಯದೇ ನೌಪಾಡಾದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಟ್ರೇನು ಹೊರಡುವ ಕಲ್ಯಾಣ ಸ್ಟೇಷನ್ನಿನಲ್ಲೇ ಹತ್ತುತ್ತಿದ್ದುದರಿಂದ ಅವರಿಗೆ ಕಿಟಕಿ ಸೀಟು ಸಿಗುತ್ತಿತ್ತು. ನಮಗೆ ಎರಡೂ ಕಾಲು ಊರಲು ಜಾಗ ಸಿಕ್ಕರೆ ಅದೇ ಪುಣ್ಯ. ಆ ನೂಕುನುಗ್ಗಲಿನಲ್ಲೇ ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು, ಉಳಿದವರು ಟೀಚರಿಗೆ ಆಕಾಶದ ಪ್ರಶ್ನೆ ಕೇಳುತ್ತಿದ್ದರು. ಲೋಕಲ್ ಟ್ರೇನಿನಲ್ಲಿ ಭಜನೆ ಹಾಡುವ ಡಬ್ಬಿಗಳಿವೆ, ಜಗಳಕ್ಕೆ ಹೆಸರಾದ ಡಬ್ಬಿಗಳಿವೆ. ನಮ್ಮದು ಇಂಥದ್ದು.

ಶುರು ಮಾಡಿದವಳು ನರ್ಸ್‌ಬಾಯಿಯೇ. ಅವಳು ಠಾಣೆಯ ಆಸ್ಪತ್ರೆಯೊಂದರಲ್ಲಿ ನರ್ಸು, ಬಾಯಿ ಸ್ವಲ್ಪ ಜೋರು. ಹುಣ್ಣಿಮೆ ಕಳೆದ ಒಂದು ಬೆಳಿಗ್ಗೆ ದಿವಾ ಸ್ಟೇಷನ್ ದಾಟುವಾಗ ಕಿಟಕಿಯಲ್ಲಿ ಚಂದ್ರ ಕಂಡ. ಬಿಸಿಲು ಬಂದ ಮೇಲೂ ಇವನಿಗೆ ಇಲ್ಲೇನು ಕೆಲಸ ಎಂದು ಅವಳು ಕೇಳಿದಳು. ನೈಟ್ ಡ್ಯೂಟಿ ಇದ್ದ ದಿನ ನೀನು ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೀ ಎಂದು ಟೀಚರು ತಿರುಗಿ ಕೇಳಿದರು. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುತ್ತಾನೆ, ತಡವಾಗಿ ಬಂದವನು ತಡವಾಗಿಯೇ ಹೋಗುತ್ತಾನೆ ಎಂದರು. ಮರುದಿನದಿಂದ ಪ್ರಶ್ನೆಗಳು ಸಾಲುಗಟ್ಟಿದವು.

ಗಗನಯಾತ್ರಿಗಳು ತೇಲುವುದು ಏಕೆ, ಅಲ್ಲಿ ಭೂಮಿಯ ಸೆಳೆತ ಇಲ್ಲವೇ ಎಂದು ಒಂದು ದಿನ ನಾನೇ ಕೇಳಿದೆ. ಟೀಚರು ಹೆಗಲಿನ ಖಾಲಿ ಪಿನ್ನು ಬಿಚ್ಚಿ, ನನ್ನದೇ ನೀರಿನ ಬಾಟಲಿ ಕಸಿದು, ಮುಚ್ಚಳ ತೆಗೆದು, ಅಡಿಯ ಹತ್ತಿರ ತೂತು ಮಾಡಿದರು. ನೀರು ಸಣ್ಣಗೆ ಚಿಮ್ಮಿತು. ಎಲ್ಲರೂ ಹಾ ಹಾ ಎನ್ನುವಷ್ಟರಲ್ಲಿ ಸೀಟಿನ ಮೇಲೆ ಎದ್ದು ನಿಂತು ಬಾಟಲಿಯನ್ನು ಕೈಬಿಟ್ಟರು. ಬೀಳುವಷ್ಟು ಹೊತ್ತು ತೂತಿನಿಂದ ಒಂದು ಹನಿಯೂ ಬರಲಿಲ್ಲ. ಬಾಟಲಿಯೂ ನೀರೂ ಒಟ್ಟಿಗೆ ಬೀಳುತ್ತಿವೆ, ಅದಕ್ಕೇ ಒಂದನ್ನೊಂದು ಒತ್ತುವುದಿಲ್ಲ. ಅಲ್ಲಿ ಸೆಳೆತ ಇದೆ, ಅವರೂ ಅವರ ನೌಕೆಯೂ ಭೂಮಿಯ ಸುತ್ತ ಒಟ್ಟಿಗೆ ಬೀಳುತ್ತಲೇ ಇದ್ದಾರೆ ಎಂದರು. ಬಾಟಲಿ ಬಿದ್ದದ್ದು ನರ್ಸ್‌ಬಾಯಿಯ ಮಡಿಲಿಗೆ. ಆಸ್ಪತ್ರೆಯಲ್ಲಿ ಏನು ಹೇಳಲಿ ಎಂದು ಅವಳು ಠಾಣೆಯವರೆಗೂ ಗೊಣಗಿದಳು.

ಉತ್ತರ ಗೊತ್ತಿಲ್ಲದಿದ್ದರೆ ಅವರದು ಒಂದೇ ಮಾತು, ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ: "ಮಾಹೀತ್ ನಾಹೀ. ಉದ್ಯಾ ಸಾಂಗತೇ." ಗೊತ್ತಿಲ್ಲ, ನಾಳೆ ಹೇಳ್ತೇನೆ. ನಾಳೆ ಎಂದರೆ ನಾಳೆಯೇ. ಜ್ವರ ಬಂದಿದ್ದರೂ ಬಂದು ಹೇಳುತ್ತಿದ್ದರು.

ಆಮೇಲೆ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೆಲವು ತಿಂಗಳು ಕಳೆದು, ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು ಮತ್ತೆ ಅದೇ ಕಿಟಕಿಯಲ್ಲಿ ಕಾಣಿಸಿಕೊಂಡರು. ಶಾಲೆಯಲ್ಲಿ ಪಾಠ ಬಿಡಿಸಿ ಪ್ರಯೋಗಾಲಯ ನೋಡಿಕೊಳ್ಳಲು ಹೇಳಿದ್ದರಂತೆ.  ಮಾತಾಡಲಾಗದವರನ್ನು ಏನು ಕೇಳುವುದೆಂದು ಪ್ರಶ್ನೆಗಳು ನಿಂತವು. ಡಬ್ಬಿಯ ಮಾತು ಹೌಸಿಂಗ್ ಸೊಸೈಟಿಗಳ ನೀರಿನ ತಾಪತ್ರಯ, ಸೊಸೆಯರ ಸುದ್ದಿಗೆ ಹೊರಳಿತು. ಟೀಚರು ಎರಡು ದಿನ ನೋಡಿದರು. ಮೂರನೆಯ ದಿನ ಚೀಲದಿಂದ ಸ್ಟೀಲ್ ಡಬ್ಬ ತೆಗೆದು ಚಮಚದಿಂದ ಟಣಟಣ ಬಾರಿಸಿದರು. ಎಲ್ಲರೂ ತಿರುಗಿದಾಗ, ಎದುರಿಗೆ ನಿಂತಿದ್ದ ನನ್ನನ್ನು ನೋಡಿ, ಸದ್ದಿಲ್ಲದ ತುಟಿಗಳನ್ನು ನಿಧಾನವಾಗಿ ಆಡಿಸಿದರು. ಕನ್ನಡವಾದ್ದರಿಂದ ನನಗೆ ತಿಳಿಯಿತು.

"ಪ್ರಶ್ನೆ ಕೇಳ್ಲಿಕ್ಕೆ ಹೇಳು ಮಾರಾಯ್ತಿ. ನನ್ನ ಗಂಟಲು ಹೋದದ್ದು, ತಲೆ ಅಲ್ಲ."

ನಾನು ಅದನ್ನು ಮರಾಠಿಯಲ್ಲಿ ಕೂಗಿ ಹೇಳಿದೆ. 

ಅಂದಿನಿಂದ ನಾನು ಅವರ ಧ್ವನಿಯಾದೆ. ಫೋನಿನಲ್ಲಿ ಬರೆದು ತೋರಿಸಬಹುದಿತ್ತು, ಆದರೆ ಓದುವವರು ಒಬ್ಬರು, ಕೇಳುವವರು ಡಬ್ಬಿ ತುಂಬ. ಅವರು ತುಟಿ ಆಡಿಸುತ್ತಿದ್ದರು, ನಾನು ಹೇಳುತ್ತಿದ್ದೆ, ತಪ್ಪಿದರೆ ಚಮಚ ಡಬ್ಬಕ್ಕೆ ಬೀಳುತ್ತಿತ್ತು. ಕಳ್ವಾಕ್ಕೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳಿದ್ದಳು. ಚಂದ್ರನ ದಕ್ಷಿಣ ತುದಿಯಲ್ಲಿ ನೀರು ಎಷ್ಟಿದೆ ಎಂದು ಒಮ್ಮೆ ಅವಳು ಕೇಳಿದಳು. ಗೊತ್ತಿಲ್ಲ ಎಂದಿತು ಟೀಚರ ತುಟಿ. ಅಷ್ಟು ಜನರ ಮುಂದೆ ಅವರ ಹೆಸರಿನಲ್ಲಿ ಗೊತ್ತಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಬಹಳ ಇದೆಯಂತೆ ಎಂದು ಒಗ್ಗರಣೆ ಹಾಕಲು ಹೊರಟೆ. ಟಣ್. ಮತ್ತೆ ಬಾಯಿ ತೆರೆದೆ. ಟಣ್.

"ಅಕ್ಕಾರ, ನಿಮಗ ಗೊತ್ತಿಲ್ಲಂತ ಹೆಂಗ ಹೇಳ್ಲಿ?" ಎಂದು ಮೆಲ್ಲಗೆ ಕೇಳಿದೆ.

"ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತು ಮಾಡ್ಲಿಕ್ಕೇ ಅಲ್ವಾ ಅಲ್ಲಿಗೆ ಹೋಗುದು? ಜೋರಾಗಿ ಹೇಳು."

ಜೋರಾಗಿ ಹೇಳಿದೆ. ಟೀಚರು ಚಮಚವನ್ನು ಚೀಲಕ್ಕೆ ಹಾಕಿದರು.

ಎರಡು ವರ್ಷ ಹೀಗೆ ನಡೆಯಿತು. ರೋಗ ಮರಳಿದ್ದು ಅವರಿಗೆ ಗೊತ್ತಿತ್ತು, ನಮಗೂ ಗೊತ್ತಾಗುವಂತಿತ್ತು. ಹೆಗಲ ಮೇಲೆ ರವಿಕೆ ದಿನೇದಿನೇ ಸಡಿಲವಾಗುತ್ತಿತ್ತು, ಪಿನ್ನು ಮಾತ್ರ ಎರಡೂ ಇದ್ದವು. ಮಳೆಗಾಲ ಹಿಡಿಯುವ ಮುಂಚೆ ಅವರು ಹೋದರು. ಸುದ್ದಿ ಬಂದದ್ದು ಭಾನುವಾರ.

ಸೋಮವಾರ ನಾನು ಹತ್ತುವಾಗ ಕಿಟಕಿ ಸೀಟು ಖಾಲಿಯಿತ್ತು. ಒಂದು ಮೊಳ ಜಾಗಕ್ಕೆ ಹೊಡೆದಾಡುವ ಹೆಂಗಸರು ಯಾರೂ ಕುಳಿತಿರಲಿಲ್ಲ.  ಮುಂಬ್ರಾ ಬಂದಾಗ ನರ್ಸ್‌ಬಾಯಿ ಕಣ್ಣೊರೆಸಿಕೊಂಡು, ನಮ್ಮ ಟೀಚರು ನಕ್ಷತ್ರವಾದರು ಎಂದಳು. ಎಲ್ಲರೂ ಹೂಂಗುಟ್ಟಿದರು. ನನಗೆ ಮಾತ್ರ ಆ ಚಮಚದ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಇಲ್ಲ, ಮನುಷ್ಯರು ನಕ್ಷತ್ರವಾಗುವುದಿಲ್ಲ, ಹಾಗೆ ಅಂದರೆ ಟೀಚರಿಗೆ ಸಿಟ್ಟು ಬರುತ್ತಿತ್ತು ಎಂದೆ. ಕಾಲೇಜು ಹುಡುಗಿ ತಲೆ ಎತ್ತಿದಳು. ಹಾಗಾದರೆ ನಕ್ಷತ್ರ ಹುಟ್ಟುವುದು ಹೇಗೆ ಎಂದು ಕೇಳಿದಳು.

ಅಭ್ಯಾಸಬಲದಿಂದ ನಾನು ಕಿಟಕಿಯ ಕಡೆ ನೋಡಿದೆ. ಓದಲು ತುಟಿಗಳಿರಲಿಲ್ಲ. ಡಬ್ಬಿಯೆಲ್ಲ ನನ್ನನ್ನೇ ನೋಡುತ್ತಿತ್ತು.

"ಮಾಹೀತ್ ನಾಹೀ," ಎಂದೆ, ಜೋರಾಗಿ. "ಉದ್ಯಾ ಸಾಂಗತೇ."

ಅಂದು ಸಂಜೆ ಒಲೆ ಹಚ್ಚುವ ಮೊದಲು ಓದಲು ಕುಳಿತೆ. ಮರುದಿನ ದಿವಾ ದಾಟುವ ಮುಂಚೆಯೇ ಹೇಳಿದೆ.