ಕಲಪೊದ್ದು

ದೊಡ್ಡಉಳ್ಳಾರ್ತಿ ಕಾವಲಿನ ಹೊಸ ಪ್ರಯೋಗಾಲಯವೊಂದರಲ್ಲಿ ಆಕೆ ರಕ್ತದ ಹರಿವಿನ ಅಳತೆ ತೆಗೆಯುತ್ತಿದ್ದಳು, ನಾನು ವರದಿ ಬರೆಯುತ್ತಿದ್ದೆ. ಬಾಹ್ಯಾಕಾಶದಲ್ಲಿ ಮಿದುಳಿಗೆ ರಕ್ತ ಹೇಗೆ ಹರಿದೀತೆಂದು ತಿಳಿಯಲು ಗಂಡಸರನ್ನೂ ಹೆಂಗಸರನ್ನೂ ತಲೆ ತಗ್ಗಾದ ಮಂಚಗಳಲ್ಲಿ ದಿನಗಟ್ಟಲೆ ಮಲಗಿಸುತ್ತಿದ್ದೆವು.

ಆಕೆ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮಲಗಿದವರ ಕಣತಲೆಗೆ ಯಂತ್ರದ ಮೊನೆ ಒತ್ತಿ, ನೂಲಿನ ನಯ ನೋಡುವವಳಂತೆ ಬೆರಳು ಉಜ್ಜುತ್ತ ರಕ್ತದ ಸದ್ದು ಕೇಳುತ್ತಿದ್ದಳು. ಗಂಡಸರಿಗೊಂದು, ಹೆಂಗಸರಿಗೊಂದು ಕಡತ ಇಟ್ಟಿದ್ದಳು. ಯಾರಾದರೂ ಹಾಳೆ ಬೆರೆಸಿದರೆ ಮನೆಯ ತೆಲುಗೇ ಬಾಯಿಗೆ ಬರುತ್ತಿತ್ತು: “ಕಲಪೊದ್ದು!” ಬೆರೆಸಬೇಡಿ ಎಂದು. ಎರಡು ಬಣ್ಣದ ರೇಷ್ಮೆ ಲಡಿ ಮುಟ್ಟಿದ ಮಕ್ಕಳಿಗೆ ಅವಳವ್ವ ಹಾಗೆಯೇ ಗದರುತ್ತಿದ್ದಳಂತೆ.

ಒಂದು ಬೆಳಿಗ್ಗೆ, ಗಂಡಸರ ಅಳತೆ ನೋಡಿ ಗೊತ್ತುಮಾಡಿದ ಹೊತ್ತಿಗೇ ಪರಶುರಾಂಪುರದ ಹೆಂಗಸೊಬ್ಬಳನ್ನು ಮಂಚದಿಂದ ಎಬ್ಬಿಸಿ ನಿಲ್ಲಿಸಿದೆವು. ಕಣ್ಣು ಕತ್ತಲಿಟ್ಟು ಬಿದ್ದಳು. ಹಲ್ಲು ಮುರಿಯಿತು.

“ಉಪವಾಸ ಇದ್ದಿರಬೇಕು. ಎಲ್ಲರದೂ ಸೇರಿಸಿ ಸರಾಸರಿ ಹಾಕಿ,” ಎಂದ ನಮ್ಮ ಹಿರಿಯ ವಿಜ್ಞಾನಿ. ಬಾಯಿ ತುಂಬ ರಕ್ತವಿದ್ದವಳ ಎದುರಿಗೇ ಎಂದ.

“ಎಂಥ ಉಪಾಸ ಸಾರ್? ನಾನೇ ಮುದ್ದೆ ತಿನ್ಸೀನಿ. ಹೆಂಗಸ್ರ ತಲಿಗೆ ರಕ್ತ ಹೋಗೋ ರೀತಿನೇ ಬ್ಯಾರೆ ಐತೆ. ಎಲ್ಡೂ ಕಡತ ಪಕ್ಕದಾಗ ಇಟ್ಟು ನೋಡ್ರಿ. ಕಲಪೊದ್ದು!”

ಆತ ನೋಡಲಿಲ್ಲ. ಆಕೆ ನನ್ನ ಕೈಯಿಂದ ವರದಿಯ ಹಾಳೆ ಕಿತ್ತುಕೊಂಡು, ಗಂಡಸರ ಅಂಕಿಗಳಿಗೂ ಹೆಂಗಸರ ಅಂಕಿಗಳಿಗೂ ನಡುವೆ ಹಾಳೆ ಹರಿಯುವಷ್ಟು ಒತ್ತಿ ಕೆಂಪು ಗೆರೆ ಎಳೆದಳು.

ವಿಜ್ಞಾನಿ ನನಗೆ ಹೊಸ ಹಾಳೆ ಕೊಟ್ಟ. ಎಲ್ಲರದೂ ಬೆರೆಸಿ, ಗೆರೆಯಿಲ್ಲದೆ ಬರೆದುಕೊಟ್ಟ ನನ್ನ ಈ ಕೈಯನ್ನು ಕಂಡರೆ ನನಗೆ ಇಂದಿಗೂ ಮೈಯೆಲ್ಲ ಉರಿಯುತ್ತದೆ.