ಭಾವ ಬೋಟನ್ನು ಕೆಸರಿಗೆ ಕೂರಿಸಿದ್ದು

ನನ್ನ ಭಾವನಿಗೆ ಯಾರ ಮೇಲೂ ನಂಬಿಕೆ ಇಲ್ಲ ಎಂದು ನಾನು ಹೇಳಿದರೆ ಅಕ್ಕ ತಿದ್ದುತ್ತಾಳೆ. "ಹಾಗಲ್ಲ ಕಣೇ, ನಂಬ್ತಾರೆ. ಒಂದ್ಸಲ ಸರಿ ನೋಡಿ ಆಮೇಲೆ ನಂಬ್ತಾರೆ, ಅಷ್ಟೆ." ಗಂಡನನ್ನು ಅವಳು ಬಿಟ್ಟುಕೊಡುವವಳಲ್ಲ. ಆದರೆ ಅವಳ ವಿಷಯದಲ್ಲಿ ಆ "ಒಂದ್ಸಲ" ಮದುವೆಯಾದಾಗ ಶುರುವಾದದ್ದು ಇನ್ನೂ ಮುಗಿದಿರಲಿಲ್ಲ.

ಭಾವನ ಕೆಲಸವೂ ಅಂಥದ್ದೇ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಹೇಳದೆ ಕೇಳದೆ ಅಂಗಡಿಗೆ ನುಗ್ಗುವುದು, ತಕ್ಕಡಿಯ ಮೇಲೆ ತಮ್ಮ ತೂಕದ ಕಲ್ಲಿಟ್ಟು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತಿ ಬರುವುದು. ಮುದ್ರೆ ಬಿದ್ದ ತಕ್ಕಡಿ ಮುಂದಿನ ತಪಾಸಣೆಯವರೆಗೂ ಸರಿ, ಅದರಲ್ಲಿ ಎರಡು ಮಾತಿಲ್ಲ. ಆ ಮುದ್ರೆ ಒಂದು ಕೂದಲಷ್ಟು ಜರುಗಿದ್ದರೂ ಅಂಗಡಿಯವನು ಕಳ್ಳ, ಅದರಲ್ಲೂ ಎರಡು ಮಾತಿಲ್ಲ. "ನಾನಲ್ಲ ಸರ್, ತಾನಾಗೇ ಆಗಿದೆ" ಎಂದು ಯಾರಾದರೂ ಬಾಯಿಬಿಟ್ಟರೆ ಭಾವ ಕನ್ನಡಕ ಮೇಲೇರಿಸಿ ಕೇಳುತ್ತಿದ್ದುದು ಒಂದೇ: "ಸಾಕ್ಷಿ ಏನು?"

ಮನೆಯಲ್ಲೂ ಅದೇ ರಾಗ. ಅಕ್ಕ ತಂದ ತರಕಾರಿಗೆ ಅಡುಗೆಮನೆ ಕಟ್ಟೆಯ ಮೇಲೆ ಇನ್ನೊಮ್ಮೆ ತೂಕ. ಹಾಲು ಯಾಕೆ ಇಷ್ಟು ಬೆಳ್ಳಗಿದೆ ಎಂದು ಹಾಲಿನವನನ್ನೇ ಕೇಳಿದ ಮಹಾನುಭಾವರು. ಅಕ್ಕ ನಮ್ಮ ಮನೆಗೆ ಬಂದರೆ, ಅವಳು ಚಪ್ಪಲಿ ಬಿಡುವ ಮೊದಲೇ ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಬಂದಿದ್ದಾಳೆ ಭಾವ, ಬೇಕಾದ್ರೆ ತೂಕ ಮಾಡಿ ವಾಪಸ್ ಕಳಿಸ್ತೀನಿ" ಎನ್ನುತ್ತಿದ್ದೆ. ಅವರಿಗೆ ಅದು ತಮಾಷೆ ಎಂದು ಹೊಳೆಯುತ್ತಿರಲಿಲ್ಲ. ಅಕ್ಕ ನಕ್ಕು ಮಾತು ತೇಲಿಸುತ್ತಿದ್ದಳು, ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಕೆಟ್ಟವರು ಎಂದು ಮಾತ್ರ ನಾನು ಹೇಳಲಾರೆ. ನಮ್ಮ ಅಪ್ಪ ಆಸ್ಪತ್ರೆ ಸೇರಿದಾಗ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡವರು ಅವರೇ. ಪ್ರತಿ ಮಾತ್ರೆಯ ಹೆಸರು ಓದಿ, ಪ್ರತಿ ನರ್ಸಿನ ತಲೆ ತಿಂದು, ಅಪ್ಪನ ತಲೆದಿಂಬಿನ ಹತ್ತಿರ ಕಾವಲು ಕೂತರು. ಅಪ್ಪ ಮನೆಗೆ ಬಂದ ಮೇಲೆ ಹೇಳಿದ್ದರು: "ಅಳಿಯಂದ್ರು ಒಳ್ಳೆಯವರೇ ಕಣಮ್ಮಾ, ಆದ್ರೆ ನಾನು ಕೆಮ್ಮಿದ್ರೂ ಯಾಕೆ ಕೆಮ್ಮಿದ್ರಿ ಅಂತಾರೆ."

ಭಾವನಿಗೆ ರಕ್ತದೊತ್ತಡ ಏರಿತು. ನೀರಿನ ಕಡೆ ಗಾಳಿಗೆ ಹೋಗಿ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದರು ಡಾಕ್ಟರು. ಡಾಕ್ಟರಿಗೂ ದೋಣಿ ಮಾರುವವನಿಗೂ ಏನು ನಂಟು ಎಂದು ವಿಚಾರಿಸಿ, ಇಲ್ಲವೆಂದು ಖಾತ್ರಿಯಾದ ಮೇಲೆ ಭಾವ ಒಂದು ಹಳೆಯ ಮೋಟಾರು ಬೋಟು ಕೊಂಡರು. ಮೇಲೆ ನೀಲಿ ಕ್ಯಾನ್ವಾಸಿನ ಚಪ್ಪರ, ಎರಡು ಬದಿ ಬೆಂಚು. ಅದನ್ನು ಅಳಿವೆಯ ಜೆಟ್ಟಿಯಲ್ಲಿ ಕಟ್ಟಿ ಭಾನುವಾರ ಭಾನುವಾರ ಒಂದು ಸುತ್ತು ಹೋಗಿಬರುತ್ತಿದ್ದರು.

ನಮ್ಮ ಅಳಿವೆಯಲ್ಲಿ ಸಮುದ್ರದ ಜೊತೆಗೇ ನೀರು ಏರುತ್ತದೆ, ಇಳಿಯುತ್ತದೆ. ಇಳಿದಾಗ ಎಲ್ಲೆಲ್ಲೂ ಕೆಸರು ಎದ್ದು ಕಾಣುತ್ತದೆ. ನಡುವೆ ಒಂದು ಆಳದ ದಾರಿ ಮಾತ್ರ ಉಳಿಯುತ್ತದೆ. ಜೆಟ್ಟಿಯ ಕಾವಲುಗಾರ ಆ ದಾರಿಯ ಅಂಚಿಗೆ ಕೆಂಪು ಬಟ್ಟೆ ಕಟ್ಟಿದ ಬಿದಿರಿನ ಗಳಗಳನ್ನು ನೆಟ್ಟಿರುತ್ತಾನೆ. ಒಂದು ಭಾನುವಾರ ಭಾವ ಹೋದಾಗ ಅವನು ಗಳಗಳನ್ನು ಕಿತ್ತು ಬೇರೆ ಕಡೆ ನೆಡುತ್ತಿದ್ದ. ಅಷ್ಟು ಸಾಕಾಯಿತು. ಗುರುತು ಜರುಗಿಸುವವನನ್ನು ಕಂಡರೆ ಭಾವನಿಗೆ ಏನನ್ನಿಸಬೇಕೋ ಅದೇ ಅನ್ನಿಸಿತು. "ಇದರಲ್ಲಿ ಏನೋ ಮಸಲತ್ತಿದೆ" ಎಂದು ಮನೆಗೆ ಬಂದು ಅಕ್ಕನ ಕಿವಿಯಲ್ಲಿ ಹೇಳಿದರು. ಮುಂದಿನ ವಾರ ತಾವೇ ಒಂದು ಉದ್ದನೆಯ ಕೋಲು ಹಿಡಿದು, ಅಳಿವೆಯ ಉದ್ದಕ್ಕೂ ಚುಚ್ಚಿ ಅಳೆದು, ತಮ್ಮದೇ ದಾರಿ ಗೊತ್ತುಮಾಡಿಕೊಂಡರು. ಅಲ್ಲಿಗೆ ಮುದ್ರೆ ಬಿದ್ದ ಹಾಗಾಯಿತು.

ಇಷ್ಟರಲ್ಲಿ ಅವರ ಒಬ್ಬಳೇ ಮಗಳು ಪುಟ್ಟಿ, ತಾನು ಕೆಲಸ ಮಾಡುವ ಕಟ್ಟಡದ ಲಿಫ್ಟು ರಿಪೇರಿಗೆ ಬರುವ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಭಾವ ಬಹಳ ಹೊತ್ತು ಯೋಚಿಸಿ ಕೇಳಿದರು: "ಆ ಲಿಫ್ಟು ಅಷ್ಟು ಸಲ ಯಾಕೆ ಕೆಡುತ್ತೆ?"

ನಾನು ಬಿದ್ದುಬಿದ್ದು ನಕ್ಕೆ. ಪುಟ್ಟಿ ನಗಲಿಲ್ಲ. ತಿಂಗಳಾನುಗಟ್ಟಲೆ ತಂದೆ ಮಗಳ ನಡುವೆ ಮಾತು ಬರೀ ಹೂಂ, ಉಹೂಂ. ಹೀಗಿರುವಾಗ ಭಾವ ಇದ್ದಕ್ಕಿದ್ದ ಹಾಗೆ ಮಗಳಿಗೆ, "ಭಾನುವಾರ ಆ ಹುಡುಗನ್ನ ಬೋಟಿಗೆ ಕರ್ಕೊಂಡು ಬಾ, ಎಲ್ಲಾ ಹೋಗಿ ಬರೋಣ" ಎಂದರು. ಆ ಮೃದು ದನಿ ಕೇಳಿ ನನಗೆ ಅನುಮಾನ ಬಂತು. ಅವರು ಅಷ್ಟು ಸಿಹಿಯಾಗಿ ಮಾತಾಡುವುದು ಅಂಗಡಿಯವನ ತಕ್ಕಡಿ ಹಿಡಿಯುವ ಮೊದಲು ಮಾತ್ರ.

ಪುಟ್ಟಿಗೂ ಅನುಮಾನ ಬಾರದೆ ಇರಲಿಲ್ಲ. ಭಾನುವಾರ ಬೆಳಿಗ್ಗೆ ಫ್ಲಾಸ್ಕಿಗೆ ಚಹಾ ತುಂಬುತ್ತಾ ಹೇಳಿದಳು: "ಚಿಕ್ಕಮ್ಮಾ, ನೀವೇ ಸಾಕ್ಷಿ. ಇವತ್ತು ಅಪ್ಪ ಅವನನ್ನ ಕಳ್ಳನ ಥರ ವಿಚಾರಿಸಿದ್ರೆ, ಜೆಟ್ಟಿಯಿಂದ ಹಾಗೇ ಅವನ ಜೊತೆ ಹೋಗ್ತೀನಿ. ಈ ಮನೆಗೆ ಮತ್ತೆ ಕಾಲಿಡಲ್ಲ." ಅವಳು ಬಾಯಿಮಾತಿಗೆ ಹೇಳುವವಳಲ್ಲ. ಅಕ್ಕ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಕೇಳಿಸದವಳ ಹಾಗೆ ನಿಂತಿದ್ದಳು, ಆದರೆ ಹಚ್ಚಿದ ಚೂರಿಗೇ ಮತ್ತೆ ಮತ್ತೆ ಹಚ್ಚುತ್ತಿದ್ದಳು.

ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮಾತು ಕಮ್ಮಿ. ಭಾವ "ಬನ್ನಿ, ಬನ್ನಿ" ಎಂದು ಕೈಹಿಡಿದು ಬೋಟಿಗೆ ಹತ್ತಿಸಿಕೊಂಡರು. ನೀರು ಇಳಿಯಲು ಶುರುವಾಗಿತ್ತು. "ಗಳದ ಪಕ್ಕದಲ್ಲೇ ಹೋಗಿ ಸಾರ್" ಎಂದು ಕಾವಲುಗಾರ ಕೂಗಿದ. "ನಂಗೆ ಗೊತ್ತು" ಎಂದು ಭಾವ ಕೆಂಪು ಬಟ್ಟೆಗಳನ್ನೆಲ್ಲ ಎಡಕ್ಕೆ ಬಿಟ್ಟು ತಮ್ಮ ದಾರಿ ಹಿಡಿದರು. ಜೆಟ್ಟಿ ಕಣ್ಣಿಗೆ ಸಣ್ಣದಾಗುವಷ್ಟು ದೂರ ಚೆನ್ನಾಗಿಯೇ ಹೋದೆವು. ಆಮೇಲೆ ಬೋಟಿನ ತಳ ಏನಕ್ಕೋ ಮೆತ್ತಗೆ ಉಜ್ಜಿತು. ಎಂಜಿನ್ ಕಿರುಚಿತು, ಹಿಂದೆ ಕಪ್ಪು ಕೆಸರು ಚಿಮ್ಮಿತು, ನಾವೆಲ್ಲ ಒಬ್ಬರ ಮೇಲೊಬ್ಬರು ವಾಲಿದೆವು. ಬೋಟು ನಿಂತೇಬಿಟ್ಟಿತು.

ಭಾವ ಪ್ಯಾಂಟು ಮಡಚದೆ ನೀರಿಗೆ ಇಳಿದು ಹಿಂದಿನಿಂದ, ಮುಂದಿನಿಂದ ತಳ್ಳಿದರು. ಹುಡುಗ ಇಳಿಯಲು ಹೋದರೆ "ನೀವು ಬೇಡ" ಎಂದು ಕೈಯಡ್ಡ ಹಿಡಿದರು. ಅವರು ತಳ್ಳುತ್ತಿದ್ದ ಹಾಗೇ ನೀರು ಮೊಣಕಾಲಿನಿಂದ ಮೀನಖಂಡಕ್ಕೆ, ಅಲ್ಲಿಂದ ಪಾದಕ್ಕೆ ಇಳಿಯಿತು. ಅಕ್ಕ ಕಾವಲುಗಾರನಿಗೆ ಫೋನು ಮಾಡಿದಳು. ನೀರು ವಾಪಸ್ಸು ಬರುವವರೆಗೂ ಯಾವ ಬೋಟೂ ಅಲ್ಲಿಗೆ ಬರಲಾಗದು, ಕೆಸರಿನಲ್ಲಿ ನಡೆಯುವ ಸಾಹಸ ಬೇಡ, ಸುಮ್ಮನೆ ಕೂತಿರಿ ಎಂದ ಅವನು.

ಸುಮ್ಮನೆ ಕೂತಿದ್ದರೆ ಚೆನ್ನಾಗಿತ್ತು. ಭಾವ ಮೇಲೆ ಹತ್ತಿ, ಕೆಸರಾದ ಕಾಲು ಒರೆಸಿಕೊಂಡು, ಹುಡುಗನ ಎದುರು ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತು ಎಲ್ಲರೂ ಚಹಾ ಕುಡಿದೆವು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು.

"ಇನ್ನೇನು, ಬೇಕಾದಷ್ಟು ಟೈಮ್ ಇದೆಯಲ್ಲ. ನಿಮ್ಮ ಹಿಂದಿನ ಕೆಲಸ ಯಾಕೆ ಬಿಟ್ರಿ?"

ಹುಡುಗ ಹೇಳಿದ. ಕಂಪನಿ ಮುಚ್ಚಿತು ಎಂದ. "ಯಾಕೆ ಮುಚ್ಚಿತು?" ಗೊತ್ತಿಲ್ಲ ಎಂದ. "ಗೊತ್ತಿಲ್ವಾ, ಹೇಳೋಕಿಷ್ಟ ಇಲ್ವಾ?" ಹುಡುಗ ಕೆಂಪಗಾದ. ಅಕ್ಕ "ರೀ" ಎಂದಳು. ಭಾವ ಅವನ ಬಾಡಿಗೆ ಮನೆಯ ವಿಷಯಕ್ಕೆ ಬಂದರು, ಅಣ್ಣನಿಗೂ ಅವನಿಗೂ ಯಾಕೆ ಮಾತಿಲ್ಲ ಎನ್ನುವಲ್ಲಿಗೆ ಬಂದರು. ಸುತ್ತ ನೋಡಿದರೆ ಬರೀ ಕೆಸರು, ಎದ್ದು ಹೋಗುತ್ತೇನೆಂದರೂ ಹೋಗುವ ಹಾಗಿಲ್ಲ. ಆಗ ನನಗೆ ಪಕ್ಕಾ ಆಯಿತು. ಈ ಮನುಷ್ಯ ಬೇಕೆಂದೇ ತಂದು ಸಿಕ್ಕಿಸಿದ್ದಾರೆ.

ನಾನು ಬಾಯಿ ತೆಗೆಯುವ ಮೊದಲೇ ಪುಟ್ಟಿ ಎದ್ದು ನಿಂತಳು.

"ಸಾಕು ಅಪ್ಪ. ಬೇಕಂತಲೇ ಮಾಡಿದ್ರಿ ಅಲ್ವಾ? ಇವನು ತಪ್ಪಿಸ್ಕೊಂಡು ಹೋಗಬಾರ್ದು ಅಂತ ಇಲ್ಲಿ ತಂದು ಕೂರಿಸಿದ್ರಿ. ಜೆಟ್ಟಿ ಮುಟ್ಟಿದ ಕೂಡ್ಲೇ ನಾನು ಇವನ ಜೊತೆ ಹೋಗ್ತೀನಿ. ಮತ್ತೆ ನನ್ನ ಹುಡುಕ್ಬೇಡಿ."

ಭಾವ ಪೆಚ್ಚಾದರು. ಅವರ ಮೇಲೆ ಯಾರೂ ಅನುಮಾನಪಟ್ಟಿದ್ದಿಲ್ಲ. ಆ ಖಾತೆ ಪೂರ್ತಿ ಅವರದೇ ಆಗಿತ್ತು. "ನಾನಾ? ಬೇಕಂತಾನಾ?" ಎಂದು ಅಕ್ಕನ ಮುಖ ನೋಡಿದರು. ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಳು. ನನ್ನ ಕಡೆ ನೋಡಿದರು.

"ನಂಗೂ ಹಾಗೇ ಅನ್ಸುತ್ತೆ ಭಾವ" ಎಂದೆ.

"ಅಯ್ಯೋ, ಇಲ್ಲಮ್ಮಾ" ಎಂದರು. ಬಗ್ಗಿ ಕೆಳಗಿನ ಕೆಸರು ನೋಡಿದರು, ದೂರದ ಕೆಂಪು ಬಟ್ಟೆಗಳನ್ನು ನೋಡಿದರು. "ನಾನು ಸರಿಯಾಗೇ ಅಳೆದಿದ್ದೆ. ಆವತ್ತು ಇಲ್ಲಿ ಆಳ ಇತ್ತು. ಈಗ ಕೆಸರು ಜರುಗಿದೆ. ಅದು ಜರುಗುತ್ತೆ ಅಂತಲೇ ಆ ಕಾವಲುಗಾರ ಗಳ ಕಿತ್ತು ನೆಡ್ತಿದ್ದ. ನಂಗೆ ಹೊಳೀಲೇ ಇಲ್ಲ. ತಪ್ಪು ನಂದು. ಪೂರ್ತಿ ನಂದೇ."

ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಆದರೂ ಇದೂ ಒಂದು ನಾಟಕವಿರಬಹುದೇ ಎಂದು ನನ್ನ ಹಾಳು ಮನಸ್ಸು ಹೇಳಿತು. ಪುಟ್ಟಿಯ ಮನಸ್ಸೂ ಅದನ್ನೇ ಹೇಳಿರಬೇಕು.

"ಸಾಕ್ಷಿ ಏನು?" ಎಂದಳು.

ಭಾವ ಕನ್ನಡಕ ಮೇಲೇರಿಸಿದರು. ಸಾಕ್ಷಿ ಎಲ್ಲಿಂದ ತರುತ್ತಾರೆ? ಮಗಳು ಅವರ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದಳು, ಅವರ ಹತ್ತಿರ ಇದ್ದದ್ದು ಬರೀ ಬಾಯಿಮಾತು.

"ನಾನು ನಂಬ್ತೀನಿ ಸರ್" ಎಂದ ಹುಡುಗ.

ಭಾವ ಸರಕ್ಕನೆ ತಿರುಗಿದರು. ಅಭ್ಯಾಸ ಬಿಡುತ್ತದೆಯೇ? "ಯಾಕೆ?" ಎಂದರು.

"ಯಾಕೆ ಅಂದ್ರೆ? ನೀವು ಹೇಳಿದ್ರಲ್ಲ."

ಭಾವ ಮುಂದಿನ ಮಾತಿಗೆ ಕಾದರು. ಮುಂದೆ ಏನೂ ಇರಲಿಲ್ಲ. ಅವನು ಖಾಲಿ ಲೋಟ ಅಕ್ಕನ ಕೈಗೆ ಕೊಟ್ಟು ತೆಪ್ಪಗೆ ಕೂತ. ಭಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಅವರು ಅಳುತ್ತಿದ್ದಾರೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹೋಗು ಪುಟ್ಟಿ, ಇವನ ಜೊತೆ ಹೋಗು" ಎಂದರು. "ನಿನ್ನ ತಡೆಯಲ್ಲ. ಆದ್ರೆ ಸಾಕ್ಷಿ ಏನು ಅಂದ್ಯಲ್ಲ, ಅದು ನನ್ನ ಮಾತು. ಅದನ್ನ ಇವನ ಮನೆಗೆ ತಗೊಂಡು ಹೋಗ್ಬೇಡ. ಇವನನ್ನ ದಿನಾ ತೂಗ್ತಾ ಕೂರಬೇಡ. ಹಾಗೆ ತೂಗ್ತಾ ಇದ್ರೆ ಮನೆಯವರ ಮುಖಾನೇ ಸರಿಯಾಗಿ ನೋಡಿರಲ್ಲ ನಾವು."

ಪುಟ್ಟಿ ನಿಂತೇ ಇದ್ದಳು. ಆಮೇಲೆ ಬಂದು ಅಪ್ಪನ ಬೆಂಚಿನಲ್ಲಿ, ಅವರ ಕೆಸರು ಪ್ಯಾಂಟಿಗೆ ತಾಗಿಕೊಂಡು ಕೂತಳು. "ಎಲ್ಲಿಗೂ ಹೋಗಲ್ಲ ಬಿಡಿ. ಮನೆಗೇ ಬರ್ತೀವಿ, ಇಬ್ರೂ" ಎಂದಳು. ಆ ಹೊತ್ತಿಗೆ ನೀರು ತಿರುಗಿತ್ತು, ಕೆಸರಿನ ತಗ್ಗುಗಳಲ್ಲಿ ಮೆಲ್ಲಗೆ ತುಂಬುತ್ತಿತ್ತು.

ಅಕ್ಕ ಲೋಟಗಳನ್ನೆಲ್ಲ ಚೀಲಕ್ಕೆ ಹಾಕಿದಳು.

"ತೂಗ್ತಾ ಮುಖಾನೇ ನೋಡಿರಲ್ಲ ಅಂತ ಈಗ ಅವಳಿಗೆ ಹೇಳಿದ್ರಲ್ಲ, ಅದನ್ನ ನಂಗೂ ಒಂದ್ಸಲ ಹೇಳಬಹುದಿತ್ತು" ಎಂದಳು.

"ನೀನು ಯಾವತ್ತೂ ಕೇಳ್ಲಿಲ್ಲವಲ್ಲೇ" ಎಂದರು ಭಾವ.

"ಕೇಳಿದ್ರೆ, ಯಾಕೆ ಕೇಳ್ತಿದ್ದೀಯಾ ಅಂತಿದ್ರಿ."

ಹುಡುಗ ಬೇರೆ ಕಡೆ ನೋಡಿದ. ಭಾವ ಅಕ್ಕನನ್ನೇ ನೋಡುತ್ತಿದ್ದರು.

"ಹೌದು" ಎಂದರು. "ಅಂತಿದ್ದೆ."