ಹವಳದೂರಿನ ಹುಡುಗಿ ಹೋದಳೋ, ಉಳಿದಳೋ

ಕೊರೊನಾ ಕಾಲ ಮುಗಿದು ಶಾಲೆ, ಸಂತೆ ಎಲ್ಲ ಮತ್ತೆ ತೆರೆದಿದ್ದ ವರ್ಷವದು. ನಾನು ಒಂದು ಟ್ರಸ್ಟ್ ನಡೆಸುತ್ತಿದ್ದ ಸಂಚಾರಿ ಗ್ರಂಥಾಲಯದ ಗ್ರಂಥಪಾಲಕಿಯಾಗಿದ್ದೆ. ಸಂಚಾರಿ ಗ್ರಂಥಾಲಯವೆಂದರೆ ಒಳಗೆಲ್ಲ ಕಪಾಟು ಜೋಡಿಸಿದ ಒಂದು ಹಳೆಯ ವ್ಯಾನು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ತಿರುಗಾಟ. ಒಂದು ವಾರ ಕೊಟ್ಟ ಪುಸ್ತಕವನ್ನು ಮುಂದಿನ ಸುತ್ತಿನಲ್ಲಿ ವಾಪಸ್ ಪಡೆದು ಬೇರೆ ಕೊಡುವುದು ನನ್ನ ಕೆಲಸ. ವ್ಯಾನು ಓಡಿಸುತ್ತಿದ್ದವರು ಸವಣೂರಿನ ಮೌಲಾಸಾಬರು.

ಆ ವರ್ಷ ಬಂದ ಹೊಸ ಪುಸ್ತಕಗಳಲ್ಲಿ ‘ಹವಳದೂರಿನವರು’ ಎಂಬ ಕಾದಂಬರಿಯ ಒಂದೇ ಒಂದು ಪ್ರತಿ ಇತ್ತು. ಕುಮಟಾ ಕಡೆಯ ಮಾಲಿನಿ ಎಂಬುವರ ಮೊದಲ ಪುಸ್ತಕ. ಸಮುದ್ರದ ತಳದಲ್ಲಿ ವಾಸಿಸುವ ಕಿನ್ನರರ ಕಥೆ. ಅವರ ಕಿವಿ ಶಂಖದ ತುದಿಯ ಹಾಗೆ ಚೂಪು, ಕೂದಲಲ್ಲಿ ಬೆಳಕು, ನೀರಿನೊಳಗಿನ ಮನೆಗಳಲ್ಲಿ ಉರಿಯುವ ದೀಪ. ಶಂಖಿ ಎಂಬ ಕಿನ್ನರ ಹುಡುಗಿ ಬಿರುಗಾಳಿಗೆ ಸಿಕ್ಕು ದಡಕ್ಕೆ ಬಂದು ಬೀಳುತ್ತಾಳೆ. ಮೀನು ಮಾರುವ ಮುದುಕಿಯೊಬ್ಬಳು ಅವಳನ್ನು ಸಾಕುತ್ತಾಳೆ. ಕೊನೆಗೆ ಹೆತ್ತ ತಾಯಿ ನೀರಿನಾಳದಿಂದ ಕರೆಯುತ್ತಾಳೆ, ಸಾಕಿದ ಮುದುಕಿ ದಡದಿಂದ ಕೂಗುತ್ತಾಳೆ. ಸೊಂಟದವರೆಗಿನ ನೀರಿನಲ್ಲಿ ನಿಂತ ಶಂಖಿ ಒಮ್ಮೆ ತಿರುಗಿ ನೋಡುತ್ತಾಳೆ. ಅಲ್ಲಿಗೆ ಪುಟ ಮುಗಿದು ರಟ್ಟು ಬರುತ್ತಿತ್ತು.

ನಮ್ಮ ಓದುಗರಲ್ಲಿ ಹೆಚ್ಚಿನವರು ಸಮುದ್ರ ಕಂಡವರಲ್ಲ. ಈ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆಂದು ನಾನು ಎಣಿಸಿದ್ದೆ. ಆದರೆ ಅದು ಒಂದು ಸುತ್ತೂ ವ್ಯಾನಿನಲ್ಲಿ ಉಳಿಯಲಿಲ್ಲ.

ಮೊದಲು ಮಾತು ತೆಗೆದವರು ಹಿರೇಕೆರೂರಿನ ಗಂಗಾಧರಪ್ಪನವರು. ಗೊಂಜಾಳದ, ಅಂದರೆ ಮೆಕ್ಕೆಜೋಳದ ವ್ಯಾಪಾರಿ, ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಚೀಲಕ್ಕೆ ಒರಗಿ ಓದುತ್ತಿದ್ದವರು. ಪುಸ್ತಕ ಕೊಡುತ್ತಲೇ ಹೇಳಿದರು: “ಮೇಡಮ್ಮಾರ, ಆ ಹುಡುಗಿ ನೀರಿಗೆ ಹೋಗೇ ಹೋಗಿರತಾಳ್ರಿ. ಹುಟ್ಟಿದ ಊರು ಯಾರಿಗೆ ಬ್ಯಾಡಾಗತೈತಿ? ಬರದಾಕಿ ಬೇಕಂತನ ಬಿಟ್ಟಾಳ, ನಾವು ತಿಳಕೋಬೇಕು.”

ಈ ಮಾತನ್ನು ನಾನು ಸುಮ್ಮನೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ಹೇಳಿದೆ. ಅಲ್ಲಿ ಹಿಟ್ಟಿನ ಗಿರಣಿ ನಡೆಸುವ ನೀಲಮ್ಮ ನಮ್ಮ ಕಾಯಂ ಓದುಗರು. ನಿಜ ಹೇಳಬೇಕೆಂದರೆ ಕೇಳುಗರು. ಅವರ ತಂಗಿಯ ಮಗಳು ರೇಣುಕಾ ಗಿರಣಿಯ ಕಟ್ಟೆಯ ಮೇಲೆ ಕೂತು, ಯಂತ್ರದ ಸದ್ದನ್ನೂ ಮೀರಿಸುವ ದನಿಯಲ್ಲಿ ಓದುತ್ತಿದ್ದಳು. ಜೋಳ ಬೀಸಿಸಲು ಬಂದವರೂ ಕಥೆ ಮುಗಿಯುವವರೆಗೆ ಕದಲುತ್ತಿರಲಿಲ್ಲ. ‘ಹವಳದೂರಿನವರು’ ಆ ಕಟ್ಟೆಯ ಮೇಲೆ ಆಗಲೇ ಓದಿ ಮುಗಿದಿತ್ತು. ಗಂಗಾಧರಪ್ಪನವರ ಅಭಿಪ್ರಾಯ ಕೇಳಿದ್ದೇ ನೀಲಮ್ಮ ಹಿಟ್ಟಿನ ಕೈ ಝಾಡಿಸಿಕೊಂಡು ವ್ಯಾನಿನ ಬಾಗಿಲಿಗೇ ಬಂದರು.

“ಹಡದಾಕಿ ಕರದ್ಲು ಅಂತ ಓಡಿಹೋದ್ರ, ಉಣಿಸಿ ಬೆಳಸಿದಾಕಿ ಏನ ಮಾಡಬೇಕ್ರಿ? ಆ ಸಾವ್ಕಾರಗ ಹೇಳ್ರಿ, ಇದು ಗೊಂಜಾಳ ತೂಗಿದಂಗಲ್ಲ. ತಿರುಗಿ ನೋಡಿದಾಕಿ ತಿರುಗಿ ಬಂದಂಗ.”

ಹೀಗೆ ಶುರುವಾಯಿತು. ಒಂದು ಊರಿನ ಅಭಿಪ್ರಾಯವನ್ನು ಇನ್ನೊಂದು ಊರಿಗೆ ಒಯ್ಯುವುದು ನನ್ನ ಕೆಲಸವಾಯಿತು. ನಾನು ಇದ್ದದ್ದನ್ನು ಇದ್ದಂತೆ ಹೇಳಿದರೆ, ಮೌಲಾಸಾಬರು ಅದಕ್ಕೆ ಒಗ್ಗರಣೆ ಹಾಕುತ್ತಿದ್ದರು. ಶಿಗ್ಗಾಂವಿಯ ಸುಜಾತಾ ಸರಕಾರಿ ಬಸ್ಸಿನ ಕಂಡಕ್ಟರ್. ಅವರ ಮನೆಯಲ್ಲಿ ಬುದ್ಧನ ಪಟದ ಕೆಳಗಿನ ಮಾಡದಲ್ಲಿ ನಮ್ಮ ಪುಸ್ತಕಗಳಿಗೆ ಜಾಗವಿತ್ತು. ಅವರು ಎರಡೂ ಪಕ್ಷ ಕೇಳಿ ನಕ್ಕರು. “ಹೋಗೂದು, ಇರೂದು ಎರಡೂ ಯಾಕ ಆಗಬಾರದ್ರಿ? ನಾ ದಿನಾ ಹಾವೇರಿಗೆ ಹೋಗಿ ಬರೂದಿಲ್ಲೇನು? ಸಮುದ್ರಕ್ಕೂ ಭರತಿ, ಇಳಿತ ಅಂತ ಇರತಾವಂತ. ಅಪ್ಪು, ಡೌನು. ಬಂದು ಹೋಗಿ ಮಾಡ್ಲಿ.”

ಹಾನಗಲ್ಲಿನ ವಿರೂಪಾಕ್ಷಪ್ಪ ಮಾಸ್ತರದು ಬೇರೆಯೇ ತಕರಾರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. “ನೀರಾಗ ದೀಪ ಹೆಂಗ ಉರೀತೈತ್ರಿ? ಆಮ್ಲಜನಕ ಎಲ್ಲಿಂದ ಬಂತು? ಇಂಥಾದ್ದು ಮಕ್ಕಳ ಕೈಗೆ ಕೊಡಬಾರದು” ಎಂದು ಗದರಿದರು. ಹಾಗೆಂದು ಪುಸ್ತಕ ಹಿಂತಿರುಗಿಸಲಿಲ್ಲ. ಇನ್ನೊಂದು ಸುತ್ತು ತಮ್ಮಲ್ಲೇ ಇಟ್ಟುಕೊಂಡರು.

ಒಂದು ದಿನ ಹತ್ತಿಮತ್ತೂರಿನಲ್ಲಿ ರೇಣುಕಾ ಒಬ್ಬಳೇ ವ್ಯಾನಿಗೆ ಬಂದಳು. ನಾನು ಎಂದಿನಂತೆ ನಗುತ್ತ, “ನಿಮ್ಮ ದೊಡ್ಡವ್ವ ಇನ್ನೂ ಹಿರೇಕೆರೂರಿನವರ ಮೇಲೆ ಸಿಟ್ಟಾಗಿದ್ದಾರಾ?” ಎಂದು ಕೇಳಿದೆ.

ಅವಳು ನಗಲಿಲ್ಲ. “ದೊಡ್ಡವ್ವಗ ಆ ಸಾವ್ಕಾರನ ಮ್ಯಾಲ ಸಿಟ್ಟಿಲ್ರಿ ಮೇಡಂ. ನನ್ನ ಮ್ಯಾಲ ಸಿಟ್ಟೈತಿ.”

ಆಮೇಲೆ ತಿಳಿಯಿತು. ರೇಣುಕಾ ಚಿಕ್ಕವಳಿದ್ದಾಗಲೇ ತಂದೆ ತೀರಿಕೊಂಡಿದ್ದ. ತಾಯಿ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ ಗೋವಾಕ್ಕೆ ದುಡಿಯಲು ಹೋದಳು. ಈಗ ಅಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಕಾಯಂ ಕೆಲಸ, ಬಾಡಿಗೆ ಮನೆ. ರೇಣುಕಾಳ ಪಿಯುಸಿ ಮುಗಿಯುತ್ತಿದ್ದಂತೆ, ತನ್ನ ಹತ್ತಿರ ಇದ್ದು ನರ್ಸಿಂಗ್ ಓದು ಎಂದು ತಾಯಿ ಕರೆಯುತ್ತಿದ್ದಳು. ಹುಡುಗಿಗೆ ಓದುವ ಆಸೆ, ಹೆತ್ತವಳ ಜೊತೆ ಒಮ್ಮೆಯಾದರೂ ಇರುವ ಆಸೆ. ನೀಲಮ್ಮ ಹೋಗು ಎನ್ನಲಿಲ್ಲ, ಬೇಡ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆ ವಿಷಯ ಬಂದಾಗಲೆಲ್ಲ ಎದ್ದು ಹೋಗಿ ಗಿರಣಿ ಚಾಲೂ ಮಾಡುತ್ತಿದ್ದರು.

ಈ ಜಗಳವನ್ನು ತಮಾಷೆಯೆಂದುಕೊಂಡಿದ್ದ ನನ್ನ ನಗು ಅಲ್ಲಿಗೆ ನಿಂತಿತು. ಆದರೆ ಅಷ್ಟರಲ್ಲಿ ಮಾಸ್ತರು ಬರೆದವರನ್ನೇ ಕರೆಸಿ ಕೇಳೋಣವೆಂದು ಹಠ ಹಿಡಿದಿದ್ದರು. ಹಾನಗಲ್ಲಿನಲ್ಲಿ ಒಂದು ಶಾಲೆಯ ಸಭಾಂಗಣವನ್ನೂ ಗೊತ್ತು ಮಾಡಿದ್ದರು. ನಾನು ಪ್ರಕಾಶಕರಿಂದ ಸಂಖ್ಯೆ ಪಡೆದು ಮಾಲಿನಿಯವರಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಮಾತು, “ಅದನ್ನ ಯಾರಾದ್ರೂ ಓದಿದ್ರಾ?”

ಓದಿದ್ದಾರೆ, ಜಗಳವನ್ನೂ ಆಡುತ್ತಿದ್ದಾರೆ ಎಂದೆ. ಅವರು ಹೇಳಿದರು, “ಮಾರಾಟವಾಗದೆ ಉಳಿದ ಪುಸ್ತಕಗಳೆಲ್ಲ ನಮ್ಮನೆ ಮಂಚದ ಕೆಳಗಿವೆ. ವಿಮರ್ಶೆ ಬರೆದ ಒಬ್ಬರು ಇದು ದೊಡ್ಡವರು ಓದುವಂಥದ್ದಲ್ಲ ಅಂದರು. ಇನ್ನು ಬರೆಯೋದು ಬೇಡ ಅಂತ ಬಿಟ್ಟಿದ್ದೆ. ಬರ್ತೇನೆ, ಜಗಳ ಕೇಳೋದಕ್ಕಾದರೂ ಬರ್ತೇನೆ.”

ಭಾನುವಾರ ಬೆಳಿಗ್ಗೆ ಅವರು ಶಿರಸಿ ಬಸ್ಸಿನಿಂದ ಹಾನಗಲ್ಲಿನಲ್ಲಿ ಇಳಿದರು. ತೆಳ್ಳಗಿನ, ಸಂಕೋಚದ ಹೆಂಗಸು. ಅಂಚೆ ಕಚೇರಿಯಲ್ಲಿ ನೌಕರಿ. ಸಭಾಂಗಣದಲ್ಲಿ ನಾಲ್ಕೂ ತಾಲ್ಲೂಕಿನವರು ಸೇರಿದ್ದರು. ಇಷ್ಟು ದಿನ ನನ್ನ ಬಾಯಲ್ಲಿ ಮಾತ್ರ ಒಬ್ಬರನ್ನೊಬ್ಬರು ಕೇಳಿದ್ದವರು ಅಂದು ಎದುರುಬದುರಾದರು. “ಗೊಂಜಾಳದ ಸಾವ್ಕಾರ್ರು ಅಂದ್ರ ನೀವ ಏನ್ರಿ?” ಎಂದು ನೀಲಮ್ಮ ಗಂಗಾಧರಪ್ಪನವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರು ಎದ್ದು ಕೈಮುಗಿದು ಕುರ್ಚಿ ಬಿಟ್ಟುಕೊಟ್ಟರು. “ಕುಂದರ್ರಿ ಅವ್ವಾರ. ಕೂತ ಜಗಳಾಡೂಣು.”

ಮಾತು ಚೆನ್ನಾಗಿಯೇ ನಡೆಯಿತು. ದೀಪದ ಪ್ರಶ್ನೆಗೆ ಮಾಲಿನಿ, ಆಳದಲ್ಲಿ ತಾವೇ ಮಿನುಗುವ ಮೀನುಗಳಿವೆ, ಅವನ್ನು ನೋಡಿ ಕಲ್ಪಿಸಿದೆ ಎಂದರು. ಮಾಸ್ತರು ಅರ್ಧ ಒಪ್ಪಿದರು. ಆಗ ಸುಜಾತಾ ಎದ್ದು ನಿಂತು ಎಲ್ಲರ ಪ್ರಶ್ನೆಯನ್ನು ಕೇಳಿದರು: “ಮೇಡಂ, ಆಕಿ ತಿರುಗಿ ನೋಡಿದ್ಲು ಅನ್ನೂದಕ್ಕ ಯಾಕ ಬಿಟ್ರಿ? ಮುಂದ ಏನಾತು ಅಂತ ಯಾಕ ಬರೀಲಿಲ್ಲ?”

ಮಾಲಿನಿಯವರ ಮುಖ ನೋಡಬೇಕಿತ್ತು. “ಎಲ್ಲಿಗೆ ಬಿಟ್ಟೆ? ಆಮೇಲೆ ಒಂದು ಇಡೀ ಅಧ್ಯಾಯ ಇದೆಯಲ್ಲ!”

ನಾನು ನಮ್ಮ ಪ್ರತಿಯನ್ನು ಅವರ ಕೈಗಿತ್ತೆ. ಅವರು ಕೊನೆಗೆ ತಿರುವಿದರು, ಬೆನ್ನುಪಟ್ಟಿಯ ಹತ್ತಿರ ಬೆರಳಾಡಿಸಿದರು, ಆಮೇಲೆ ನಗತೊಡಗಿದರು. ಪುಸ್ತಕವನ್ನು ಫಾರಂ ಲೆಕ್ಕದಲ್ಲಿ ಅಚ್ಚು ಮಾಡುತ್ತಾರೆ. ದೊಡ್ಡ ಹಾಳೆಯೊಂದನ್ನು ಮಡಿಚಿದರೆ ಹದಿನಾರು ಪುಟಗಳ ಒಂದು ಕಟ್ಟು, ಅದು ಫಾರಂ. ಅಂಥ ಕಟ್ಟುಗಳನ್ನು ಜೋಡಿಸಿ ರಟ್ಟು ಹಾಕುತ್ತಾರೆ. ನಮ್ಮ ಪ್ರತಿಗೆ ರಟ್ಟು ಹಾಕುವಾಗ ಕೊನೆಯ ಫಾರಂ ಸೇರಿಸುವುದನ್ನೇ ಮರೆತಿದ್ದರು. ಅದರ ಹಿಂದಿನ ಪುಟ ಪೂರ್ಣವಿರಾಮಕ್ಕೆ ಸರಿಯಾಗಿ ಮುಗಿದದ್ದರಿಂದ ಯಾರಿಗೂ ಅನುಮಾನವೇ ಬಂದಿರಲಿಲ್ಲ.

ಸಭೆಯಲ್ಲಿ ಗದ್ದಲವೆದ್ದಿತು. “ಅಂದ್ರ ಇಷ್ಟ ದಿನ ಇಲ್ಲದ್ದಕ್ಕ ಬಡದಾಡಿದ್ವೇನ್ರಿ!” ಎಂದು ಗಂಗಾಧರಪ್ಪ ತೊಡೆ ತಟ್ಟಿ ನಕ್ಕರು. ಮಾಲಿನಿಯವರ ಚೀಲದಲ್ಲಿ ಪೂರ್ತಿ ಪ್ರತಿ ಇತ್ತು. ಓದಲೇ ಎಂದು ಕೇಳಿದರು. ಓದ್ರಿ ಎಂದು ಕೂಗಿದವರಷ್ಟೇ ಬ್ಯಾಡ್ರಿ ಎಂದವರೂ ಇದ್ದರು. ನನ್ನ ಕಣ್ಣು ನೀಲಮ್ಮನ ಮೇಲಿತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಪಕ್ಕದಲ್ಲಿ ರೇಣುಕಾ ತಲೆ ತಗ್ಗಿಸಿ ಕೂತಿದ್ದಳು. ಇವರನ್ನು ಈ ಸಭೆಗೆ ಕರೆತಂದದ್ದು ತಪ್ಪಾಯಿತೇನೋ ಎಂದು ನನಗೆ ಅಳುಕಾಯಿತು. ಓದುವುದನ್ನು ನಿಲ್ಲಿಸೋಣವೆಂದು ಎದ್ದೆ.

ನೀಲಮ್ಮನೇ ಮೊದಲು ಬಾಯಿ ತೆರೆದರು. “ಓದ್ರಿ ತಾಯಿ. ಬರದದ್ದು ಬರದಾಗೇತಿ. ಕೇಳ್ತೇನಿ.”

ಮಾಲಿನಿ ಓದಿದರು. ಶಂಖಿ ನೀರಿಗೆ ಹೋಗುತ್ತಾಳೆ. ಮುದುಕಿ ತಡೆಯುವುದಿಲ್ಲ, ಬರಿಗಾಲಲ್ಲಿ ಮರಳ ಮೇಲೆ ನಿಂತು, ಹುಡುಗಿಯ ಕೂದಲಿನ ಬೆಳಕು ಅಲೆಗಳಡಿ ಸಣ್ಣದಾಗಿ ಕಾಣದಾಗುವವರೆಗೆ ನೋಡುತ್ತಾಳೆ. ಓದು ಮುಗಿದಾಗ ಗೆದ್ದ ಗಂಗಾಧರಪ್ಪ ಕೂಡ ಗೆದ್ದೆ ಎನ್ನಲಿಲ್ಲ.

ನೀಲಮ್ಮ ಎದ್ದು ನಿಂತರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಿರಣಿಯಲ್ಲಿ ಗಿರಾಕಿಯನ್ನು ಗದರುವ ದನಿ. “ಹೋಗ್ಲಿ ಬಿಡ್ರಿ, ಹೋಗೂದು ಖರೆ. ಆದ್ರ ಆ ಮುದುಕಿ ಏನ ಮಾಡಿದ್ಲು? ಬರಿಗೈಲೆ ಕಳಿಸಿದ್ಲಲ್ಲ! ಅಷ್ಟ ವರ್ಷ ಸಾಕಿದಾಕಿ, ಹಾದ್ಯಾಗ ಹಸಿವ್ಯಾಗತೈತಿ ಅಂತ ಒಂದ ಬುತ್ತಿ ಕಟ್ಟಿ ಕೊಡೂದಿಲ್ಲೇನ್ರಿ? ನೀವು ಹೆಂಗಸಾಗಿ ಇದನ್ನ ಹೆಂಗ ಮರತ್ರಿ?”

ಮಾಲಿನಿ ಪುಸ್ತಕ ಮುಚ್ಚಿದರು. “ನನಗೆ ಹೊಳೀಲೇ ಇಲ್ಲ ಅಮ್ಮ. ಏನು ಕಟ್ಟಬೇಕಿತ್ತು?”

ಸಭಾಂಗಣಕ್ಕೆ ಜೀವ ಬಂತು. ಖಡಕ್ ರೊಟ್ಟಿ ಎಂದರು ಒಬ್ಬರು, ಶೇಂಗಾ ಚಟ್ನಿ ಎಂದರು ಇನ್ನೊಬ್ಬರು, ಹಿಂದಿನಿಂದ ಮೌಲಾಸಾಬರು ತಮ್ಮೂರಿನ ಕುರುಕಲು ತಿಂಡಿ, ಸವಣೂರಿನ ಖಾರಾ ಎಂದು ಕೂಗಿದರು. ಮಾಸ್ತರಿಗೆ ತಡೆಯಲಾಗಲಿಲ್ಲ. “ಏ, ನೀರಾಗ ರೊಟ್ಟಿ ನೆನೀತೈತ್ರಿ!” ಎಂದರು. ಗಂಗಾಧರಪ್ಪ ತಟ್ಟನೆ ತಿರುಗಿದರು: “ದೀಪ ಉರಿಯೂ ನೀರಾಗ ರೊಟ್ಟಿ ನೆನಿಯೂದಿಲ್ರಿ ಮಾಸ್ತರ!” ನೀಲಮ್ಮನೂ ನಕ್ಕರು. ಮಾಲಿನಿ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದರು.

ಎಲ್ಲ ಮುಗಿದು ವ್ಯಾನಿನ ಹತ್ತಿರ ನಿಂತಿದ್ದಾಗ ನೀಲಮ್ಮ ರೇಣುಕಾಳಿಗೆ ಹೇಳಿದ್ದು ನನಗೂ ಕೇಳಿಸಿತು. “ನಿನ್ನ ಕಾಲೇಜು ಯಾವಾಗ ಸುರು ಆಗತೈತಿ ಅಂತ ನಿಮ್ಮವ್ವನ ಕೇಳು. ಮೊದಲ ಹೇಳಬೇಕು ಮತ್ತ. ರೊಟ್ಟಿ ಬಡಿದು ಒಣಗಸಾಕ ನನಗ ಟೈಮ್ ಬೇಕು.” ರೇಣುಕಾ ದೊಡ್ಡವ್ವನ ಭುಜಕ್ಕೆ ಮುಖ ಒತ್ತಿದಳು.

ಅವಳು ಗೋವಾಕ್ಕೆ ಹೋದಳು. ಮುಂದಿನ ನಾಗರ ಪಂಚಮಿಗೆ, ತವರಿಗೆ ಬರುವ ಹೆಣ್ಣುಮಕ್ಕಳ ಹಾಗೆ, ಹತ್ತಿಮತ್ತೂರಿಗೆ ಬಂದು ಜೋಕಾಲಿ ಆಡಿದಳು. ಜೊತೆಗೆ ಅವಳ ತಾಯಿಯೂ ಬಂದಿದ್ದಳು; ಅಕ್ಕತಂಗಿಯರು ಸೇರಿ ಉಂಡಿ ಕಟ್ಟಿದರೆಂದು ಮೌಲಾಸಾಬರು ವರದಿ ತಂದರು. ಮಾಲಿನಿ ಮಂಚದ ಕೆಳಗಿನ ಪ್ರತಿಗಳಲ್ಲಿ ಕೆಲವನ್ನು ನಮ್ಮ ವ್ಯಾನಿಗೆ ಕೊಟ್ಟರು, ಎರಡನೆಯ ಕಾದಂಬರಿ ಬರೆಯತೊಡಗಿದರು. ಫಾರಂ ಬಿಟ್ಟುಹೋದ ಪ್ರತಿಯನ್ನು ನಾನು ಬಳಕೆಯಿಂದ ತೆಗೆಯಬೇಕಿತ್ತು. ಆದರೆ ಓದುಗರು ಬಿಡಲಿಲ್ಲ. “ಕೊನಿ ಇಲ್ಲದ್ದು ಐತೇನ್ರಿ?” ಎಂದು ಕೇಳಿ ಅದನ್ನೇ ಒಯ್ಯುತ್ತಿದ್ದರು.

ಪುಸ್ತಕ ವಾಪಸ್ ತಂದವರನ್ನು ಹೇಗಿತ್ತೆಂದು ಕೇಳುವುದು ಗ್ರಂಥಪಾಲಕರ ತರಬೇತಿಯಲ್ಲಿ ಯಾರೂ ಹೇಳಿಕೊಡುವ ಕೆಲಸವಲ್ಲ. ನನಗದನ್ನು ಕಲಿಸಿದ್ದು ಆ ನಾಲ್ಕು ತಾಲ್ಲೂಕಿನ ರಸ್ತೆಗಳು. ಕೇಳಿದರೆ ಎಲ್ಲರೂ ಮೊದಲು “ಚೊಲೋ ಇತ್ರಿ” ಎನ್ನುತ್ತಾರೆ. ಅಷ್ಟಕ್ಕೇ ಮುಂದಿನವರ ಕಡೆ ತಿರುಗಬಾರದು. ಇನ್ನೂ ಸ್ವಲ್ಪ ಹೊತ್ತು ಅವರ ಮುಖ ನೋಡುತ್ತ ನಿಲ್ಲಬೇಕು. ಕಡಲಾಳದ ಕಿನ್ನರರ ಬಗ್ಗೆ ಮಾತಾಡುತ್ತಿದ್ದೇವೆಂಬ ಧೈರ್ಯದಲ್ಲಿ ಮನುಷ್ಯರು ತಮ್ಮ ಮನೆಯ ಮಾತನ್ನು ಹೊರಗೆಡಹುತ್ತಾರೆ. ಅದನ್ನು ಕೇಳಲು ಒಬ್ಬರಾದರೂ ಅಲ್ಲಿ ನಿಂತಿರಬೇಕು.